ಸೆಂಟರೂ ಕೇಂದ್ರವೂ

ನಮ್ಮದೇ ಆದ 'ಕೇಂದ್ರ' ಇರುವಾಗ 'ಸೆಂಟರ್' ಎಂಬ ಪರಕೀಯರ ಮಾತೇಕೆ ಎಂದು ಆಕ್ಷೇಪಿಸುವ ಭಾಷಾಭಿಮಾನಿಗಳು ಅನೇಕರನ್ನು ನಾನು ಬಲ್ಲೆ. ಕನ್ನಡ ವಾಕ್ಯದಲ್ಲಿ ಕೇಂದ್ರವೇ ಹೊಂದುವ ಮಾತೆಂಬುದರಲ್ಲಿ ನನಗೂ ಸಂದೇಹವಿಲ್ಲ. ಆದರೆ ಅವರು ಕೊಡುವ ಕಾರಣ ಮಾತ್ರ ನಿಲ್ಲತಕ್ಕದ್ದಲ್ಲ. ಈ ಎರಡು ಶಬ್ದಗಳೂ ಒಂದೇ ತಾಯಿಯ ಮಕ್ಕಳು. ಆ ತಾಯಿ ಗ್ರೀಕ್ ಭಾಷೆಯ 'ಕೆಂಟ್ರಾನ್'.

ಕೆಂಟ್ರಾನ್ ಎಂದರೆ ಮೂಲದಲ್ಲಿ ಚುಚ್ಚುವ ಮೊನೆ. ಎತ್ತು ಕುದುರೆಗಳನ್ನು ತಿವಿದು ನಡೆಸುವ ಮುಳ್ಳುಗೋಲು. ಹೊಲದ ಈ ಮಾತು ರೇಖಾಗಣಿತವನ್ನು ಸೇರಿದುದು ಹೇಗೆ? ವೃತ್ತವನ್ನೆಳೆಯುವಾಗ ಕೈವಾರದ ಒಂದು ಕಾಲನ್ನು ಚುಚ್ಚಿ ಊರುತ್ತೇವಷ್ಟೆ. ಆ ಮೊನೆಗೂ ಅದು ಊರಿದ ಬಿಂದುವಿಗೂ ಅದೇ ಹೆಸರಾಯಿತು. ಮುಂದೆ ಅದು ಲ್ಯಾಟಿನ್ನಿಗೆ ಇಳಿದು, ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷನ್ನು ಹೊಕ್ಕಿತು. ನಮ್ಮಲ್ಲಿಗೆ ಅದು ಬಂದುದು ಅದಕ್ಕೆ ಬಹು ಮೊದಲೇ, ಗ್ರೀಕರ ಜ್ಯೋತಿಷದ ಜೊತೆಯಲ್ಲಿ.

6ನೆಯ ಶತಮಾನದ ವರಾಹಮಿಹಿರನ 'ಬೃಹಜ್ಜಾತಕ'ವನ್ನು ತೆರೆದು ನೋಡಬೇಕು. ಅಲ್ಲಿ ಮೇಷಕ್ಕೆ 'ಕ್ರಿಯ', ವೃಷಭಕ್ಕೆ 'ತಾವುರಿ', ಸಿಂಹಕ್ಕೆ 'ಲೇಯ' ಎಂಬ ಹೆಸರುಗಳುಂಟು. ಗ್ರೀಕಿನ ಕ್ರಿಯೋಸ್, ಟೌರೋಸ್, ಲೆಯೋನ್‌ಗಳೇ ಇವು. ಲಗ್ನದಿಂದ ಒಂದು, ನಾಲ್ಕು, ಏಳು, ಹತ್ತನೆಯ ಮನೆಗಳು ಕೇಂದ್ರಗಳು. ಇವುಗಳಲ್ಲಿ ಏಳನೆಯದಕ್ಕೆ 'ಜಾಮಿತ್ರ'ವೆಂದೂ ಹೆಸರು. ವಿವಾಹವನ್ನು ನೋಡುವ ಸ್ಥಾನವದು. ವಧೂವರರ ಜಾತಕ ಹಿಡಿದು ಜಾಮಿತ್ರಶುದ್ಧಿಯನ್ನು ವಿಚಾರಿಸುವ ಪುರೋಹಿತರೂ, ಪಕ್ಕದಲ್ಲಿ ಕುಳಿತು ವೃತ್ತದ 'ಡಯಾಮೀಟರ್' ಅಳೆಯುವ ಅವರ ಮೊಮ್ಮಗನೂ ಬಳಸುತ್ತಿರುವ ಮಾತು ಒಂದೇ, ಗ್ರೀಕಿನ 'ಡಿಯಾಮೆಟ್ರೋಸ್'. ಲಗ್ನಕ್ಕೆ ನೇರ ಎದುರಾಗಿ, ವ್ಯಾಸದ ಮತ್ತೊಂದು ತುದಿಯಲ್ಲಿರುವುದರಿಂದ ಆ ಮನೆಗೆ ಆ ಹೆಸರು ಬಂದಿತು.

ಇಂಗ್ಲಿಷಿನ 'ಅವರ್' ಮತ್ತು ನಮ್ಮ ಪಂಚಾಂಗದ 'ಹೋರಾ' ಕೂಡ ಹೀಗೆಯೇ. ಎರಡಕ್ಕೂ ಮೂಲ ಗ್ರೀಕಿನ 'ಹೋರಾ'. 'ಅಹೋರಾತ್ರ' ಎಂಬುದರ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ಹೋರಾ ಆಯಿತೆಂದು ಕೆಲವರು ಹೇಳುತ್ತಿದ್ದುದನ್ನು ವರಾಹಮಿಹಿರನೇ ದಾಖಲಿಸಿದ್ದಾನೆ. ಶಬ್ದಗಳಿಗೆ ಗೋತ್ರ ಕಲ್ಪಿಸುವ ಚಪಲ ಇಂದಿನದಲ್ಲವೆಂದಾಯಿತು!

ಆದರೆ ಸಾಲವನ್ನು ಮುಚ್ಚಿಡುವ ಸಣ್ಣತನ ಆ ಪಂಡಿತನಲ್ಲಿರಲಿಲ್ಲ. ಯವನರು ಮ್ಲೇಚ್ಛರಾದರೂ ಈ ಶಾಸ್ತ್ರವು ಅವರಲ್ಲಿ ನೆಲೆಗೊಂಡಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರೆಂಬ ಮಾತನ್ನು ತನ್ನ 'ಬೃಹತ್ಸಂಹಿತೆ'ಯಲ್ಲಿ ಸೇರಿಸಿದ್ದಾನೆ. ಸಾವಿರದ ನಾನೂರು ವರ್ಷಗಳ ಹಿಂದಿನ ಈ ಔದಾರ್ಯವನ್ನು ನೆನೆದಾಗ, 'ಸೆಂಟರ್' ಎಂದ ಹುಡುಗನನ್ನು ತರಗತಿಯಲ್ಲಿ ನಿಲ್ಲಿಸುವ ಉಪಾಧ್ಯಾಯರ ಬಗೆಗೆ ನನಗೆ ಕೊಂಚ ಕನಿಕರವೆನಿಸುತ್ತದೆ.

ಇನ್ನು ನಾವು ಬರಿಯ ಸಾಲಗಾರರೂ ಅಲ್ಲ. ಅಜ್ಜಿಯರು ಕೆಮ್ಮಿಗೆ ತೇದು ಕೊಡುತ್ತಿದ್ದ ಹಿಪ್ಪಲಿ ಇದೆಯಲ್ಲ, ಅದರ ಸಂಸ್ಕೃತ ನಾಮ 'ಪಿಪ್ಪಲೀ'. ಅದು ಪಡುವಣಕ್ಕೆ ಸಾಗಿ ಗ್ರೀಕರಲ್ಲಿ 'ಪೆಪೆರಿ', ರೋಮನರಲ್ಲಿ 'ಪಿಪೆರ್', ಕಡೆಗೆ ಇಂಗ್ಲಿಷರಲ್ಲಿ 'ಪೆಪ್ಪರ್' ಆಯಿತು. ದಾರಿಯಲ್ಲಿ ಒಂದು ಅದಲುಬದಲೂ ನಡೆಯಿತು. ಇಂದು ಹೋಟೆಲಿನ ಮೇಜಿನ ಮೇಲಿರುವ ಪೆಪ್ಪರ್ ಡಬ್ಬಿಯೊಳಗಿನ ಪುಡಿ ಕರಿಮೆಣಸಿನದು, ಹೆಸರು ಹಿಪ್ಪಲಿಯದು.