ಕಡಿದ ಮೇಲೂ ಚಿಗುರುವ ಮಾತು

‘ಪುನರುಜ್ಜೀವನ’ವನ್ನು ಬಿಡಿಸಿದರೆ ಪುನಃ, ಉತ್, ಜೀವನ ಎಂದು ಮೂರಾಗುತ್ತದೆ. ಬದುಕು ಎಂಬರ್ಥದ ‘ಜೀವ್’ ಧಾತು ಅದರ ಬೇರು. ‘ಉತ್’ ಎಂದರೆ ಮೇಲೆ. ಅದರ ತಕಾರ ಮುಂದಿನ ಜಕಾರದೊಡನೆ ಸೇರಿ ‘ಉಜ್ಜೀವನ’ವಾಯಿತು. ಮಂಡ್ಯ ಜಿಲ್ಲೆಯ ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯಲ್ಲಿ ಉಜ್ಜೀವನವೆಂದರೆ ಆತ್ಮದ ಉದ್ಧಾರ. ಪತ್ರಿಕೆ, ಕಚೇರಿಗಳ ಕನ್ನಡದಲ್ಲಿ ಪುನರುಜ್ಜೀವನವು ಸೊರಗಿದ ಕೆರೆ, ಕಲೆ, ಕಾರ್ಖಾನೆಗಳಿಗೆ ಮತ್ತೆ ಜೀವ ತುಂಬುವುದಕ್ಕೆ ಹೆಸರಾಯಿತು.

ಮಂಡ್ಯ, ಮದ್ದೂರು, ಮಳವಳ್ಳಿಯ ಬಯಲಿನಲ್ಲಿ ಇದಕ್ಕೆ ಹತ್ತಿರದ ಎರಡಕ್ಷರದ ಅಚ್ಚಗನ್ನಡ ಮಾತಿದೆ: ಕೂಳೆ. ಮೂಲದಲ್ಲಿ ಕೂಳೆಯೆಂದರೆ ಪೈರು ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಮೋಟು. ಕಬ್ಬಿನಲ್ಲಿ ಆ ಮೋಟಿನಿಂದ ಏಳುವ ಬೆಳೆಗೂ ಅದೇ ಹೆಸರು ನಿಂತಿತು. ತುಂಡು ನೆಟ್ಟು ಬೆಳೆದದ್ದು ತನಿ ಕಬ್ಬು, ಅದನ್ನು ಕಡಿದ ಮೇಲೆ ಚಿಗುರಿದ್ದು ಕೂಳೆ ಕಬ್ಬು. ಈ ಅರ್ಥವಿಸ್ತಾರ ಪಂಡಿತರದಲ್ಲ, ರೈತರದು.

ಕೂಳೆ ತಾನಾಗಿ ಬರುವ ಬೆಳೆಯೆಂಬ ಭಾವನೆ ಮಾತ್ರ ತಪ್ಪು. ಕಬ್ಬನ್ನು ನೆಲಮಟ್ಟಕ್ಕೆ ಕಡಿದರೆ ಮಣ್ಣೊಳಗಿನ ಗಿಣ್ಣಿನ ಕಣ್ಣೊಡೆದು ಗಟ್ಟಿ ಮರಿ ಬರುತ್ತದೆ. ಮೋಟು ಎತ್ತರ ಬಿಟ್ಟರೆ ಮೇಲಿನ ಕಣ್ಣು ಚಿಗುರಿ, ನೆಲಕ್ಕೆ ಬೇರಿಳಿಸಲಾಗದೆ ಸೊರಗುತ್ತದೆ. ಹಳೆಯ ಬೇರು ಮರಿಯನ್ನು ಕೆಲಕಾಲವಷ್ಟೇ ಸಾಕಿ ಸಾಯುತ್ತದೆ. ಆಮೇಲೆ ಮರಿ ತನ್ನದೇ ಬೇರಿನ ಮೇಲೆ ನಿಲ್ಲಬೇಕು. ಅದಕ್ಕಾಗಿ ಮೋಟು ಸವರಬೇಕು, ಸಾಲಿನ ಮಗ್ಗುಲು ಸಡಿಲಿಸಬೇಕು, ಸತ್ತ ಕಡೆ ಹೊಸ ಸಸಿ ಕೂರಿಸಬೇಕು, ತನಿ ಬೆಳೆಗಿಂತ ಹೆಚ್ಚು ಸಾರಜನಕ ಕೊಡಬೇಕು. ಬಿತ್ತನೆ, ಉಳುಮೆಯ ಖರ್ಚು ಉಳಿಯಿತೆಂದು ಕೈಬಿಟ್ಟರೆ ಇಳುವರಿ ಕೂಳೆಯಿಂದ ಕೂಳೆಗೆ ಇಳಿಯುತ್ತದೆ.

ಮಂಡ್ಯದ ಬಯಲಿನಲ್ಲಿ ಕಬ್ಬು ಹಬ್ಬಿದ್ದು ಕನ್ನಂಬಾಡಿ ಅಣೆಕಟ್ಟೆಯ ನೀರು ಇರ್ವಿನ್ ನಾಲೆಗೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಗೆ, ಹರಿದ ಮೇಲೆ. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಯತ್ನದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಜನರ ಬಾಯಲ್ಲಿ ಅದು ಮೈಷುಗರ್. ಮುಂದೆ ಸಾಲ, ನಷ್ಟಗಳಲ್ಲಿ ಸಿಲುಕಿ ಅದರ ಗಾಣ ನಿಂತಾಗ ಮಂಡ್ಯದ ಸಭೆ, ಧರಣಿಗಳಲ್ಲಿ ‘ಪುನರುಜ್ಜೀವನ’ ಬಳಕೆಯ ಮಾತಾಯಿತು. ಕಾರ್ಖಾನೆ ಖಾಸಗಿಯವರ ಕೈಸೇರಬಾರದೆಂದು ರೈತರು ಹೋರಾಡಿದರು. 2022ರಲ್ಲಿ ಸರ್ಕಾರದ ಒಡೆತನದಲ್ಲೇ ಮೈಷುಗರ್ ಮತ್ತೆ ಕಬ್ಬು ಅರೆಯತೊಡಗಿತು.