ನಂಜೇರಿದ ರೋಗಿಗೆ ಕಾಯಲು ಹೊತ್ತಿಲ್ಲ

ರಕ್ತ ಸುರಿಸುತ್ತ ಆಸ್ಪತ್ರೆಗೆ ಬಂದವನನ್ನು ಕಂಡರೆ ಎಲ್ಲರೂ ಧಾವಿಸುವರು. ಜ್ವರದಿಂದ ಬಳಲಿ, ಏದುಸಿರು ಬಿಡುತ್ತ, ಮಾತು ತಡವರಿಸುತ್ತ ಬಂದ ವೃದ್ಧೆಗಾದರೋ ಬೆಂಚಿನ ಮೇಲೆ ಕುಳಿತಿರಲು ಹೇಳುವುದುಂಟು. ವೈದ್ಯರು ಸೆಪ್ಸಿಸ್ ಎಂದೂ ನಮ್ಮ ಜನರು ನಂಜೇರುವುದೆಂದೂ ಕರೆಯುವ ಸ್ಥಿತಿಯು ಆಕೆಗೆ ಒದಗಿದ್ದರೆ, ಆ ಕಾಯುವಿಕೆಯೇ ಪ್ರಾಣಕ್ಕೆ ಎರವಾದೀತು.

ಶ್ವಾಸಕೋಶ, ಮೂತ್ರನಾಳ, ಹೊಟ್ಟೆ, ಗಾಯ, ಹೆರಿಗೆಯಾದ ಗರ್ಭಾಶಯ, ಇವುಗಳಲ್ಲಿ ಎಲ್ಲಿಯ ಸೋಂಕಾದರೂ ಇದಕ್ಕೆ ಮೂಲವಾಗಬಹುದು. ರೋಗಾಣುಗಳನ್ನು ಎದುರಿಸಹೊರಟ ದೇಹವು ಹದತಪ್ಪಿ ತನ್ನ ಅಂಗಾಂಗಗಳನ್ನೇ ಕೆಡಿಸಿಕೊಳ್ಳುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ. 2017ನೆಯ ಇಸವಿಯೊಂದರಲ್ಲೇ ಪ್ರಪಂಚದಲ್ಲಿ 1 ಕೋಟಿ 10 ಲಕ್ಷ ಜನರು ಇದರಿಂದ ಮಡಿದರೆಂದೂ, ಅವರಲ್ಲಿ ಸುಮಾರು 29 ಲಕ್ಷ ಮಂದಿ ಭಾರತೀಯರೆಂದೂ ತಜ್ಞರು ಅಂದಾಜು ಮಾಡಿರುವರು.

ಗುರುತಿಸುವುದಕ್ಕೆ ಮೊದಲು ಬೇಕಾದುದು ಯಂತ್ರವಲ್ಲ, ಗಮನ. ಉಸಿರು ನಿಮಿಷಕ್ಕೆ 22 ಅಥವಾ ಹೆಚ್ಚು, ರಕ್ತದೊತ್ತಡದ ಮೇಲಿನ ಅಂಕ 100 ಅಥವಾ ಕಡಿಮೆ, ಬುದ್ಧಿಯ ಗಲಿಬಿಲಿ: ಸೋಂಕಿನ ರೋಗಿಯಲ್ಲಿ ಇವುಗಳ ಪೈಕಿ ಎರಡು ಕಂಡರೆ ಅಪಾಯವೆಂದು ತಿಳಿಯತಕ್ಕದ್ದು. ಆದರೆ ಇವು ಕಾಣಲಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ವೃದ್ಧರಲ್ಲಿ ಜ್ವರವೇ ಇಲ್ಲದಿರುವುದೂ ಉಂಟು.

ಚಿಕಿತ್ಸೆಯ ಕ್ರಮವು ಗೂಢವೇನಲ್ಲ. ರಕ್ತದ ಲ್ಯಾಕ್ಟೇಟ್ ಅಳೆಯಬೇಕು. ಆಂಟಿಬಯೋಟಿಕ್ ಕೊಡುವ ಮುನ್ನ, ತಡವಾಗದಂತೆ, ಕಲ್ಚರ್ ಪರೀಕ್ಷೆಗೆ ರಕ್ತ ತೆಗೆಯಬೇಕು. ಒತ್ತಡ ಕುಸಿದಿದ್ದರೆ ದೇಹತೂಕದ ಕಿಲೋ ಒಂದಕ್ಕೆ 30 ಮಿಲಿಲೀಟರಿನಂತೆ ದ್ರವವನ್ನು ಮೊದಲ 3 ಗಂಟೆಗಳಲ್ಲಿ ರಕ್ತನಾಳಕ್ಕೆ ಕೊಡಬೇಕು. ಅಷ್ಟಕ್ಕೂ ಒತ್ತಡ ಏರದಿದ್ದರೆ ನಾರ್‌ಎಪಿನೆಫ್ರಿನ್ ಕೊಡಬೇಕು. ಕೀವು ಕಟ್ಟಿದ್ದರೆ ಅದನ್ನು ಹೊರತೆಗೆಯಬೇಕು. ಜ್ವರ ಬಂದವರಿಗೆಲ್ಲ ಆಂಟಿಬಯೋಟಿಕ್ ಕೊಟ್ಟರೆ ಔಷಧಿಯೇ ನಿಷ್ಫಲವಾಗದೇ ಎಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದದ್ದು. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಅದಕ್ಕೆಂದೇ ಭೇದವನ್ನು ಮಾಡಿದೆ: ರಕ್ತದೊತ್ತಡ ಕುಸಿದವರಿಗೂ ಸೆಪ್ಸಿಸ್ ಬಹುತೇಕ ಖಚಿತವಾದವರಿಗೂ 1 ಗಂಟೆಯೊಳಗೆ ಔಷಧಿ, ಬರಿಯ ಸಂಶಯವಿದ್ದಲ್ಲಿ ಶೀಘ್ರ ತಪಾಸಣೆ, ಸಂಶಯ ಉಳಿದರೆ 3 ಗಂಟೆಯೊಳಗೆ ಔಷಧಿ.

ಇದನ್ನು ವೈದ್ಯರ ಮರ್ಜಿಗೆ ಬಿಡದೆ ಶಾಸನಬದ್ಧಗೊಳಿಸಿದ ನಿದರ್ಶನವುಂಟು. ನ್ಯೂಯಾರ್ಕಿನಲ್ಲಿ 2012ರಲ್ಲಿ ತುರ್ತು ವಿಭಾಗದಿಂದ ಮನೆಗೆ ಕಳುಹಿಸಲ್ಪಟ್ಟ 12 ವರ್ಷದ ಬಾಲಕನೊಬ್ಬನು ಸೆಪ್ಸಿಸ್‌ನಿಂದ ತೀರಿಕೊಂಡನು. ಮರುವರ್ಷವೇ ಆ ರಾಜ್ಯವು ಪ್ರತಿಯೊಂದು ಆಸ್ಪತ್ರೆಯೂ ಸೆಪ್ಸಿಸನ್ನು ಬೇಗನೆ ಗುರುತಿಸಿ ಚಿಕಿತ್ಸೆ ಮಾಡುವ ಲಿಖಿತ ಕ್ರಮವನ್ನು ಪಾಲಿಸತಕ್ಕದ್ದೆಂದು ವಿಧಿಸಿತು. ಅಲ್ಲಿನ 149 ಆಸ್ಪತ್ರೆಗಳ 49,331 ರೋಗಿಗಳ ಲೆಕ್ಕವು 2017ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಬೇಗ ದೊರೆತವರಲ್ಲಿ ಮರಣ ಕಡಿಮೆಯಾಗಿದ್ದುದು ಅದರಿಂದ ತಿಳಿಯಿತು.

ಒಬ್ಬ ಬಾಲಕನ ಸಾವು ಅಲ್ಲಿನ ಆಡಳಿತವನ್ನು ಎಚ್ಚರಿಸಿತು. 29 ಲಕ್ಷ ಸಾವುಗಳು ನಮ್ಮವರನ್ನು ಎಚ್ಚರಿಸಲಾರವೆ? ಪ್ರತಿಯೊಂದು ತಾಲೂಕು ಆಸ್ಪತ್ರೆಯಲ್ಲಿಯೂ ಬಂದ ರೋಗಿಯ ಉಸಿರೆಣಿಸುವ, ಔಷಧಿ ಕೊಟ್ಟ ಗಳಿಗೆಯನ್ನು ಬರೆದಿಡುವ, ಆ ಲೆಕ್ಕವನ್ನು ಮೇಲಧಿಕಾರಿಗಳು ಪರಿಶೀಲಿಸುವ ಪದ್ಧತಿಯು ಕಡ್ಡಾಯವಾಗಬೇಕೆಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ. ನಾಗರಿಕರೂ ಸುಮ್ಮನಿರಬಾರದು. ರೋಗಿಯೊಡನೆ ಹೋದವರು “ಇದು ಸೆಪ್ಸಿಸ್ ಇರಬಹುದೆ?” ಎಂದು ಸಂಕೋಚವಿಲ್ಲದೆ ಕೇಳಲಿ. ಆ ಪ್ರಶ್ನೆಗೆ ಖರ್ಚಿಲ್ಲ; ಕೇಳದಿದ್ದರೆ ಒಂದು ಜೀವವೇ ಹೋದೀತು.