ದೂರದ ದುಡಿಮೆ, ಮನೆಯ ಚಿಂತೆ

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಗೊಂಡಿತು. ಅಂದು ಪರಸ್ಥಳದವರು ದುಡಿಮೆಯನ್ನರಸಿ ಇಲ್ಲಿಗೆ ಬಂದರು. 2015ರಲ್ಲಿ ಕಾಗದದ ಉತ್ಪಾದನೆ ನಿಂತ ಬಳಿಕ ಇಲ್ಲಿಯವರೇ ಪರಸ್ಥಳಕ್ಕೆ ಹೊರಡಬೇಕಾಯಿತು. ಪತಿ ಬೆಂಗಳೂರಿನಲ್ಲಿ, ಪತ್ನಿ ಶಿವಮೊಗ್ಗೆಯಲ್ಲೋ ಭದ್ರಾವತಿಯಲ್ಲೋ ಅತ್ತೆಮಾವಂದಿರ, ಮಕ್ಕಳ ಆರೈಕೆಯಲ್ಲಿ. ಇಂತಹ ಮನೆಗಳನ್ನು ನಾವು ಬಲ್ಲೆವು.

ಅವಳು ವೇಳೆಗೆ ಉಂಡಳೋ, ಜ್ವರ ಬಂದರೆ ಯಾರಿಗೆ ಹೇಳಿಯಾಳು ಎಂದು ಪತಿ ಚಿಂತಿಸುವುದು ಸಹಜವೇ. ಅದು ಪ್ರೀತಿಯ ಗುರುತು. ಆದರೆ ಆ ಚಿಂತೆಯೇ ‘ಎಲ್ಲಿಗೆ ಹೋಗಿದ್ದೆ, ಯಾರೊಡನೆ ಮಾತನಾಡಿದೆ’ ಎಂಬ ವಿಚಾರಣೆಯಾದರೆ ಪ್ರೀತಿ ಸಂಶಯದ ರೂಪ ತಾಳುತ್ತದೆ. ಹಣ ಕಳುಹಿಸಿದೊಡನೆ ಕರ್ತವ್ಯ ಮುಗಿಯಿತೆಂಬ ಭಾವನೆಯೂ ಸಲ್ಲದು.

ಹನ್ನೆರಡನೆಯ ಶತಮಾನದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಪತ್ನಿ ಲಕ್ಕಮ್ಮನವರು ಅದನ್ನು ಹಿಂದಿರುಗಿಸುವಂತೆ ಹೇಳಿದರು, ಮಾರಯ್ಯನವರು ಒಪ್ಪಿದರು. ದುಡಿದು ತಂದವನಿಗೆ ಎಷ್ಟು ಸಾಕೆಂದು ಹೇಳುವ ಅಧಿಕಾರ ಆ ಮನೆಯಲ್ಲಿ ಪತ್ನಿಗಿತ್ತು.

ಆದುದರಿಂದ ದೂರವಿರುವ ಪತಿಯು ಸಂಬಳವನ್ನೂ ಸಾಲವನ್ನೂ ಪತ್ನಿಗೆ ತಿಳಿಸಲಿ. ಹಿರಿಯರ ಆರೈಕೆಯಲ್ಲಿ ಪಾಲು ವಹಿಸುವಂತೆ ಒಡಹುಟ್ಟಿದವರನ್ನು ತಾನೇ ಕೇಳಲಿ. ಈ ಅಗಲಿಕೆ ಎಷ್ಟು ವರ್ಷ, ಎಷ್ಟು ಗಳಿಕೆಗೆ ಎಂಬುದನ್ನು ಇಬ್ಬರೂ ಕೂಡಿ ನಿರ್ಧರಿಸಲಿ. ಅವಳು ‘ಇಷ್ಟು ಸಾಕು, ಬನ್ನಿ’ ಎಂದರೆ ಆ ಮಾತಿಗೂ ಕಿವಿಗೊಡಲಿ.